ಹಸಿರು ಬರೆದ ಮನೆ

ಕಾಲಿಸುರೆನ್, ತ್ರೆಂಗಲೆಕ್
3 ಫೆಬ್ರವರಿ 2012

ತಂಗಿ ವಿನಾರ್ಸಿಗೆ, ಅಕ್ಕ ಪರ್ಜಿನಾ ಹೇಳುವ ಸಲಾಂ.

ನೀನು ಕೆಲಸಕ್ಕಿರುವ ಮನೆಯ ಒಡತಿ ಫೋನು ಕಸಿದುಕೊಂಡಳೆಂದು ಅಳಬೇಡ. ಕಾಗದದಲ್ಲಿ ನಾನು ಬೈಯುವಾಗ ನೀನು ನಡುವೆ ಬಾಯಿ ಹಾಕುವಂತಿಲ್ಲ, ಅದೊಂದು ಲಾಭ.

ನನಗೊಂದು ಹೊಸ ಕೆಲಸ ಅಂಟಿಕೊಂಡಿದೆ. ಆರೋಗ್ಯ ಕೇಂದ್ರದ ನರ್ಸ್ ಹಾರ್ತಿನಿ ನಮ್ಮ ಕೇರಿಗೆ ನನ್ನನ್ನು ‘ಮನಸ್ಸಿನ ಕಾರ್ಯಕರ್ತೆ’ ಮಾಡಿದ್ದಾಳೆ. ನನ್ನನ್ನೇ ಯಾಕೆ ಎಂದು ಕೇಳಿದರೆ, "ನಿಮ್ಮ ದನಿ ಐವತ್ನಾಲ್ಕು ಮನೆಗೂ ಕೇಳ್ಸುತ್ತೆ ಅಕ್ಕಾ" ಅಂದಳು. ಹೊಗಳಿದಳೋ ಬೈದಳೋ ತಿಳಿಯಲಿಲ್ಲ. ಒಂದು ಚೀಲ, ಎದೆಗೆ ಸಿಕ್ಕಿಸಿಕೊಳ್ಳುವ ಬಿಲ್ಲೆ, ಒಂದು ದಪ್ಪ ಪುಸ್ತಕ ಕೊಟ್ಟರು. ಮನೆಮನೆಗೆ ಹೋಗಿ ನೆಮ್ಮದಿಯಾಗಿದ್ದೀರಾ ಎಂದು ಕೇಳಬೇಕು. ನೆಮ್ಮದಿಯ ಮನೆಗೆ ಹಸಿರು, ಚಿಂತೆ ಹೆಚ್ಚಾದ ಮನೆಗೆ ಹಳದಿ, ಮನೋರೋಗಿ ಇರುವ ಮನೆಗೆ ಕೆಂಪು ಗುರುತು. ಕೆಂಪು ಬಿದ್ದ ಮನೆಗೆ ನರ್ಸ್ ಬರುತ್ತಾಳೆ, ಔಷಧಿ ಬರುತ್ತದೆ.

ಎರಡು ದಿನ ತರಬೇತಿಯೂ ಆಯಿತು. ನಿಧಾನವಾಗಿ ಉಸಿರೆಳೆದು, ನಾಲ್ಕು ಎಣಿಸುವವರೆಗೆ ಹಿಡಿದು ಬಿಡುವುದು. ಅಷ್ಟು ಉಸಿರು ಹಿಡಿಯುವ ಪುರುಸೊತ್ತು ಇಲ್ಲಿ ಯಾರಿಗಿದೆ? ಆಮೇಲೆ ಐದು ಬೆರಳಿನ ಉಪಾಯ. ಕಣ್ಣು ಮುಚ್ಚಿ ಹೆಬ್ಬೆರಳನ್ನು ತೋರುಬೆರಳಿಗೆ ತಾಗಿಸಿ, ಮೈ ಗಟ್ಟಿಮುಟ್ಟಾಗಿದ್ದ ದಿನವನ್ನು ನೆನೆಯಬೇಕು. ನಡುಬೆರಳಿಗೆ ತಾಗಿಸಿದರೆ ಪ್ರೀತಿಯವರನ್ನು. ಉಂಗುರದ ಬೆರಳಿಗೆ, ಯಾರೋ ನಮ್ಮನ್ನು ಹೊಗಳಿದ್ದನ್ನು. ಕಿರುಬೆರಳಿಗೆ, ಕಣ್ಣಾರೆ ಕಂಡ ಚೆಂದದ ಜಾಗವನ್ನು. ನಗಬೇಡ. ನಾನೂ ಮೊದಲು ನಕ್ಕಿದ್ದೆ.

ಐವತ್ನಾಲ್ಕು ಮನೆಯೂ ಹಸಿರು. ನಮ್ಮವರು ನಿನಗೆ ಗೊತ್ತಲ್ಲ. ಬಾಗಿಲಿಗೆ ಬಂದವರ ಮುಂದೆ ‘ಚೆನ್ನಾಗಿಲ್ಲ’ ಅನ್ನುವುದು ಚಹಾ ಕೊಡದೆ ಕಳಿಸಿದಷ್ಟೇ ಅವಮರ್ಯಾದೆ. ಪಕ್ಕದ ಮನೆಯ ದುಲ್ಗನಿಯ ತಾಯಿ ಹತ್ತು ದಿನದಿಂದ ನಿದ್ದೆ ಮಾಡಿಲ್ಲ, ಅವಳ ಕೆಮ್ಮು ನನಗೇ ಕೇಳುತ್ತದೆ. ಆದರೂ, "ನಂಗೇನಮ್ಮಾ, ಸುಖವಾಗಿದೀನಿ, ಚಹಾ ಕುಡಿ" ಅಂದಳು. ಹಸಿರು ಬರೆದೆ. ನಮ್ಮ ಮನೆಗೂ ಹಸಿರೇ.

ನಿನ್ನ ಅಣ್ಣ ಮಾರ್ಗೊನೊ ಚೆನ್ನಾಗಿದ್ದಾನೆ. ಕಿಯಾಯಿ ಗುರುಗಳ ಮದರಸದಲ್ಲೇ ಇದ್ದಾನೆ, ಎರಡೆರಡು ತಟ್ಟೆ ಉಣ್ಣುತ್ತಾನಂತೆ. ನೀನು ನಿನ್ನ ಊಟ ನೋಡಿಕೋ.

ನಿನ್ನ ಅಕ್ಕ,
ಪರ್ಜಿನಾ

*

ತೈಚುಂಗ್, ತೈವಾನ್
11 ಮಾರ್ಚ್ 2012

ಪ್ರೀತಿಯ ಅಕ್ಕನಿಗೆ ಸಲಾಂ.

ನಿನ್ನ ಕಾಗದವನ್ನು ಪಾತ್ರೆ ತೊಳೆಯುವ ತೊಟ್ಟಿಯ ಮೇಲಿಟ್ಟುಕೊಂಡು ಓದಿದೆ, ಅರ್ಧ ಒದ್ದೆಯಾಯಿತು. ನೀನು ಬಿಲ್ಲೆ ಸಿಕ್ಕಿಸಿಕೊಂಡು ಮನೆಮನೆಗೆ ನುಗ್ಗುವುದನ್ನು ನೆನೆದು ನಕ್ಕೆ. ಜೋರಾಗಿ ನಗುವಂತಿಲ್ಲ, ಅಮಾ ಬೆಚ್ಚುತ್ತಾಳೆ. ಇಲ್ಲಿ ಅಜ್ಜಿಯನ್ನು ಅಮಾ ಅನ್ನುತ್ತಾರೆ. ಅವಳಿಗೆ ಈಗ ಎಂಬತ್ತೆಂಟು. ನೆನಪು ಪೂರ್ತಿ ಹೋಗಿದೆ, ಆದರೂ ಖುಷಿಯಾಗಿದ್ದಾಳೆ. ನಾವಿಬ್ಬರೂ ದಿನಾ ಪಾರ್ಕಿಗೆ ಹೋಗುತ್ತೇವೆ.

ಬೆರಳಿನ ಉಪಾಯ ಮಾಡಿ ನೋಡಿದೆ. ಎದೆ ಡವಡವ ಅನ್ನುವುದು ಸ್ವಲ್ಪ ತಗ್ಗುತ್ತದೆ, ಸುಳ್ಳಲ್ಲ. ಉಂಗುರದ ಬೆರಳಿಗೆ ಬಂದಾಗ ಮಾತ್ರ ತಡವರಿಸಿದೆ. ನನ್ನನ್ನು ಯಾರು ಹೊಗಳಿದ್ದಾರೆ? ಕೊನೆಗೆ ನೆನಪಾಯಿತು. ಹಂಚು ಸುಡುವ ಗೂಡಿನಲ್ಲಿ ಮಾರ್ಗೊನೊ ಅಣ್ಣ ಎಲ್ಲರೆದುರು, "ನನ್ ತಂಗಿ ಜೋಡ್ಸಿದ ಹಂಚು ಒಂದೂ ಒಡೆಯಲ್ಲ, ನಿಮ್ಮಂಥ ಹತ್ತು ಗಂಡಸರನ್ನ ನಿವಾಳಿಸಿ ಎಸೀಬೇಕು" ಅಂದಿದ್ದ. ಈಗ ದಿನಾ ಅದನ್ನೇ ನೆನೆಯುತ್ತೇನೆ.

ಅಕ್ಕಾ, ಅವನ ಕೈಯಿಂದ ಒಂದೇ ಸಾಲು ಬರೆಸಿ ಕಳಿಸು. ಹೆಸರು ಬರೆದರೂ ಸಾಕು. ಮೂರು ವರ್ಷದಿಂದ ಅವನ ಸುದ್ದಿಯೆಲ್ಲ ನಿನ್ನ ಬಾಯಿಂದಲೇ ಬರುತ್ತಿದೆ.

ನಿನ್ನ ವಿನಾರ್ಸಿ

*

ಕಾಲಿಸುರೆನ್
2 ಏಪ್ರಿಲ್ 2012

ವಿನಾರ್ಸಿಗೆ,

ಅವನ ಕೈಗೆ ಗಾಯವಾಗಿದೆ, ಬರೆಯಲಾಗುವುದಿಲ್ಲ. ಮದರಸ ದೂರ, ದಿನಾ ಓಡಾಡುವುದಕ್ಕೆ ನನಗೆ ರೆಕ್ಕೆಯಿಲ್ಲ. ನನ್ನ ಮಾತು ಸಾಲದೇ? ಇಲ್ಲಿ ಮರಗೆಣಸು ಕಿತ್ತು, ಸುಲಿದು, ಒಣಗಿಸಿ, ಮೇಕೆಗೆ ಸೊಪ್ಪು ಹಾಕಿ, ಆಮೇಲೆ ಆ ಚೀಲ ನೇತುಹಾಕಿಕೊಂಡು ಊರವರ ಮನಸ್ಸಿಗೆ ಮುಲಾಮು ಹಚ್ಚಲು ಹೋಗಬೇಕು. ಗಂಡ ಸತ್ತ ಮೇಲೆ ನನ್ನನ್ನು ‘ನೀ ಹೇಗಿದ್ದೀಯ’ ಎಂದು ಕೇಳಿದ ಒಂದು ನರಪಿಳ್ಳೆ ಇಲ್ಲ. ಈಗ ಊರಿಗೆಲ್ಲ ನಾನು ಕೇಳಬೇಕಂತೆ.

ಆ ಹಾರ್ತಿನಿ ನಿನ್ನೆ ಮನೆಗೆ ಬಂದಿದ್ದಳು. ಹಿತ್ತಿಲು ನೋಡಬೇಕಂದಳು. ಮೇಕೆ ಮರಿ ಹಾಕಿದೆ, ಹೊಸಬರನ್ನು ಕಂಡರೆ ಹಾಯುತ್ತದೆ ಎಂದು ಹೇಳಿ ಕಳಿಸಿದೆ. ವಯಸ್ಸು ಇಪ್ಪತ್ತಾರು, ಮೂಗು ಮಾತ್ರ ಎಲ್ಲರ ಮನೆಯೊಳಗೆ.

ನೀನೂ ಹಾಗೆಯೇ ಮೂಗು ತೂರಿಸಬೇಡ. ಅಮಾಳನ್ನು ನೋಡಿಕೋ.

ಪರ್ಜಿನಾ

*

ತೈಚುಂಗ್
29 ಏಪ್ರಿಲ್ 2012

ಅಕ್ಕ,

ಇಲ್ಲಿ ಸಂಜೆ ಕಸದ ಲಾರಿ ಹಾಡು ಹಾಕಿಕೊಂಡು ಬರುತ್ತದೆ. ನಮ್ಮಂಥವರು ಮನೆಯಿಂದ ಹೊರಗೆ ಕಾಲಿಡುವುದು ಆ ಹತ್ತು ನಿಮಿಷ ಮಾತ್ರ. ಕಸದ ಚೀಲ ಹಿಡಿದು ನಿಂತು ನಮ್ಮ ಮಾತಾಡಿಕೊಳ್ಳುತ್ತೇವೆ. ಮೊನ್ನೆ ಎದುರು ಕಟ್ಟಡಕ್ಕೆ ಹೊಸ ಹುಡುಗಿಯೊಬ್ಬಳು ಬಂದಳು. ಹೆಸರು ವಿಜಿ. ನಮ್ಮ ಪಕ್ಕದೂರಿನವಳು. ನಾನು ಕುಣಿದಾಡಿಬಿಟ್ಟೆ. ಯಾವ ಕೇರಿ, ಯಾರ ಮನೆ ಎಂದು ಕೇಳಿದಳು, ಹೇಳಿದೆ.

"ಓ, ಮೇಕೆ ಕೊಟ್ಟಿಗೇಲಿ ಕೋಳ ಹಾಕಿ ಕೂರ್ಸಿದಾರಲ್ಲ, ಆ ಅಣ್ಣನ ಮನೆಯಾ?" ಅಂದಳು.

ನನ್ನ ಕೈಯಿಂದ ಚೀಲ ಬಿತ್ತು. ಲಾರಿ ಹೋಯಿತು. ಕಸ ರಸ್ತೆಯಲ್ಲಿ ಚೆಲ್ಲಿತ್ತು. ಅದಕ್ಕೆ ಮನೆಯೊಡತಿ ಬೈದಳು, ಅದು ಬೇರೆ ಮಾತು.

ಮದರಸವಂತೆ! ಎರಡು ತಟ್ಟೆ ಊಟವಂತೆ! ಕೈಗೆ ಗಾಯವಂತೆ! ಅಕ್ಕಾ, ನಿನ್ನ ನಾಲಗೆಗೆ ಎಲುಬಿಲ್ಲವೆಂದು ಗೊತ್ತಿತ್ತು, ನಾಚಿಕೆಯೂ ಇಲ್ಲವೆಂದು ಗೊತ್ತಿರಲಿಲ್ಲ. ಎರಡು ದಿಮ್ಮಿಗಳ ನಡುವೆ ಅವನ ಕಾಲು ಸಿಕ್ಕಿಸಿ ಬೆಣೆ ಹೊಡೆದಿದ್ದೀರಂತೆ. ಉಣ್ಣುವುದೂ ಹೇಲುವುದೂ ಅಲ್ಲೇ ಅಂತೆ. ಪಕ್ಕದೂರಿನ ಹುಡುಗಿಗೆ ಗೊತ್ತು, ತಂಗಿಗೆ ಗೊತ್ತಿಲ್ಲ. ನೀನು ಬಿಲ್ಲೆ ಸಿಕ್ಕಿಸಿಕೊಂಡು ಊರವರಿಗೆ ಬೆರಳು ಮುಟ್ಟಿಸಿ ಸುಖ ನೆನೆಯಿರಿ ಅನ್ನುತ್ತೀಯಲ್ಲ, ಆ ಬೆರಳಿನಿಂದಲೇ ನಮ್ಮ ಮನೆಗೆ ಹಸಿರು ಬರೆದೆಯಾ?

ನಾನು ಪ್ರತಿ ದಿನ ನೆನೆದು ಎದೆ ತಣ್ಣಗೆ ಮಾಡಿಕೊಳ್ಳುತ್ತಿದ್ದದ್ದು ಅವನ ಮಾತನ್ನು. ಅದನ್ನೂ ನೀನು ಕಿತ್ತುಕೊಂಡೆ.

ಸತ್ಯ ಬರೆ. ಇಲ್ಲದಿದ್ದರೆ ಬರೆಯಲೇ ಬೇಡ.

ವಿನಾರ್ಸಿ

*

ಕಾಲಿಸುರೆನ್
20 ಮೇ 2012

ಸತ್ಯ ಬೇಕೇ? ತಗೋ.

ನೀನು ಮಲಾಂಗಿನ ತರಬೇತಿ ಶಿಬಿರಕ್ಕೆ ಹೋಗಿ, ಅಜ್ಜಿಯರನ್ನು ಎತ್ತಿ ಇಳಿಸುವುದು ಕಲಿಯುತ್ತಿದ್ದೆಯಲ್ಲ, ಮೂರು ವರ್ಷದ ಹಿಂದಿನ ಆ ಜೂನ್ ತಿಂಗಳು. ಅವನು ಗೂಡಿನ ಹತ್ತಿರ ಒಬ್ಬನೇ ಮಾತಾಡುತ್ತ ಕೂತಿರುತ್ತಿದ್ದದ್ದು ನಿನಗೂ ಗೊತ್ತಿತ್ತು. ಗೊತ್ತಿದ್ದೇ ಹೋದೆ. ಒಂದು ದಿನ ದಾರಿಯಲ್ಲಿ ಹೋಗುವವರಿಗೆಲ್ಲ ಹಂಚು ಎಸೆಯತೊಡಗಿದ. ದುಲ್ಗನಿಯ ಮಗಳ ತಲೆ ಒಡೆಯಿತು, ಏಳು ಹೊಲಿಗೆ. ಸಂಜೆಯೊಳಗೆ ಹದಿನೈದು ಜನ ಕುಡುಗೋಲು ಹಿಡಿದು ಅಂಗಳದಲ್ಲಿ ನಿಂತಿದ್ದರು. ಊರ ಮುಖ್ಯಸ್ಥ ಅಪ್ಪನಿಗೆ ಹೇಳಿದ ಮಾತು ಇದು: "ನೀವೇ ಕಟ್ಟಿಹಾಕ್ತೀರೋ, ಇಲ್ಲಾ ಇವರ ಕೈಗೆ ಬಿಡ್ಲೋ?"

ಹಲಸಿನ ದಿಮ್ಮಿಯನ್ನು ಅಪ್ಪ ಕೊರೆದ. ನಾನು ಅವನ ಕಾಲು ಹಿಡಿದುಕೊಂಡೆ. ಅವನು ಒದೆಯಲಿಲ್ಲ, ವಿನಾರ್ಸಿ. ಒದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಬೆಣೆ ಹೊಡೆದ ಅಪ್ಪ ಆರು ತಿಂಗಳಲ್ಲಿ ಸತ್ತ. ಎದೆನೋವು ಎಂದು ನಿನಗೆ ಫೋನಿನಲ್ಲಿ ಹೇಳಿದೆ. ಎದೆಯೊಳಗೆ ಏನಿತ್ತು ಎಂದು ಹೇಳಲಿಲ್ಲ.

ಅಂದಿನಿಂದ ಅವನ ಹೇಲು ಬಾಚುವವಳು ನಾನು. ಬಾಯಿಗೆ ಮರಗೆಣಸಿನ ತಿವುಲ್ ತುತ್ತು ಇಡುವವಳು ನಾನು. ಕಾಲಿನ ಹುಣ್ಣಿಗೆ ಅರಿಶಿನ ಮೆತ್ತುವವಳು ನಾನು. ನೀನು ಏನು ಮಾಡಿದೆ? ಹಬ್ಬಕ್ಕೆ ಸುವಾಸನೆಯ ಸಾಬೂನು ಕಳಿಸಿದೆ. ನಿನ್ನ ಕೈ ಅದರಿಂದಲೇ ಇಷ್ಟು ಶುದ್ಧವಾಗಿರಬೇಕು.

ಹಸಿರು ಯಾಕೆ ಬರೆದೆ ಅನ್ನುತ್ತೀಯ. ಕೆಂಪು ಬರೆದರೆ ಮೊದಲು ಬರುವವನು ದುಲ್ಗನಿ, ನರ್ಸ್ ಅಲ್ಲ. ಬಿಡಿಸಿದ ಮೇಲೆ ಅವನು ಮತ್ತೆ ಹಂಚು ಎತ್ತಿದರೆ ಕುಡುಗೋಲಿಗೆ ಅಡ್ಡ ನಿಲ್ಲುವವರು ಯಾರು? ತೈಚುಂಗಿನ ಕಸದ ಲಾರಿಯೇ?

ಮನೆಗೆ ಕಳಂಕ ಬೇಡ ಎಂದಲ್ಲ, ಅವನ ಜೀವ ಉಳಿಯಲಿ ಎಂದು ಹಸಿರು ಬರೆದೆ. ಹೋಗು, ಅಮಾಳ ಕೂದಲು ಬಾಚು.

*

ತೈಚುಂಗ್
17 ಜೂನ್ 2012

ನಿನ್ನ ಕಾಗದ ಬಂದು ಎರಡು ವಾರವಾಯಿತು. ನನ್ನ ಕೈ ಶುದ್ಧ ಎಂದು ಬರೆದಿದ್ದೀಯ. ಅದಕ್ಕೆ ಉತ್ತರ ಬರೆಯಲು ಇಷ್ಟು ದಿನ ಬೇಕಾಯಿತು.

ನಾವು ಪಾರ್ಕಿಗೆ ಹೋಗುವುದಿಲ್ಲ. ಅಮಾ ಎದ್ದು ಓಡಾಡಿ ಬೀಳುತ್ತಾಳೆ ಎಂದು ಮನೆಯೊಡತಿ ಕೆಲಸಕ್ಕೆ ಹೊರಡುವ ಮುಂಚೆ ಹೇಳುತ್ತಾಳೆ, ನಾನು ಕಟ್ಟುತ್ತೇನೆ. ಎರಡು ಮುಂಗೈಗೆ ಎರಡು ಬಟ್ಟೆ ಪಟ್ಟಿ, ಸೊಂಟಕ್ಕೆ ಒಂದು ಅಗಲದ ಪಟ್ಟಿ, ಕುರ್ಚಿಯ ಹಿಂದೆ ಗಂಟು. ಎರಡೂವರೆ ವರ್ಷದಿಂದ, ದಿನಾ. ಗಂಟು ಹಾಕುವುದರಲ್ಲಿ ನನ್ನಷ್ಟು ಚುರುಕು ಈ ಕಟ್ಟಡದಲ್ಲಿ ಇನ್ನೊಬ್ಬರಿಲ್ಲ.

ಅಮಾ ಖುಷಿಯಾಗಿಲ್ಲ. ಮೊದಮೊದಲು ಕಿರುಚುತ್ತಿದ್ದಳು. ಈಗ ಸುಮ್ಮನೆ ನೋಡುತ್ತಾಳೆ. ಅಣ್ಣನೂ ಹಾಗೆ ನೋಡುತ್ತಾನಾ? ನಿನ್ನ ಮೇಲಿನ ಸಿಟ್ಟಿನಲ್ಲಿ ಅರ್ಧ ನನ್ನ ಮೇಲಿನದು. ಆದರೆ ಇನ್ನರ್ಧ ಪೂರ್ತಿ ನಿನ್ನದೇ, ಅದನ್ನು ಕಡಿಮೆ ಮಾಡುವುದಿಲ್ಲ.

ಕುಡುಗೋಲು ಬಂದ ದಿನ ನೀವು ಕಟ್ಟಿದಿರಿ. ಸರಿ, ಆ ದಿನ ಜೀವ ಉಳಿಸಿದಿರಿ. ಮಾರನೆಯ ದಿನ? ಮಾರನೆಯ ವರ್ಷ? ಆಗ ಔಷಧಿ ಎಲ್ಲಿ ಸಿಗುತ್ತದೆ ಎಂದು ಗೊತ್ತಿರಲಿಲ್ಲ ಅನ್ನು, ಒಪ್ಪುತ್ತೇನೆ. ಫೆಬ್ರವರಿಯಿಂದ ಆ ಪುಸ್ತಕ ನಿನ್ನ ಕೈಯಲ್ಲೇ ಇದೆ. ಒಂದು ಕೆಂಪು ಗೀಟು ಹಾಕಿದರೆ ಔಷಧಿ ಬಾಗಿಲಿಗೆ ಬರುತ್ತಿತ್ತು. ಹಾಕಲಿಲ್ಲ. ಇದನ್ನು ದುಲ್ಗನಿಯ ತಲೆಗೆ ಕಟ್ಟಬೇಡ.

ನರ್ಸ್ ಹಾರ್ತಿನಿಗೆ ಒಂದು ಕಾಗದ ಬರೆದಿಟ್ಟಿದ್ದೇನೆ. ಉಪವಾಸದ ತಿಂಗಳು ಮುಗಿಯುವವರೆಗೆ ಕಾಯುತ್ತೇನೆ. ಅಷ್ಟರಲ್ಲಿ ನೀನೇ ಹೇಳು. ಇಲ್ಲದಿದ್ದರೆ ಅದನ್ನು ವಿಜಿಯ ಕೈಯಲ್ಲಿ ಅಂಚೆಗೆ ಹಾಕಿಸುತ್ತೇನೆ.

ವಿನಾರ್ಸಿ

*

ತೈಚುಂಗ್
26 ಆಗಸ್ಟ್ 2012

ಅಕ್ಕಾ,

ಹಬ್ಬ ಮುಗಿದು ಒಂದು ವಾರ. ನಿನ್ನಿಂದ ಕಾಗದವಿಲ್ಲ, ಬೈಗುಳವೂ ಇಲ್ಲ. ನೀನು ಬೈಯದೆ ಎರಡು ತಿಂಗಳು ಇರುವುದು ನಾನು ಹುಟ್ಟಿದಂದಿನಿಂದ ಇದೇ ಮೊದಲು. ಹೆದರಿಕೆಯಾಗುತ್ತಿದೆ.

ನರ್ಸಿನ ಕಾಗದವನ್ನು ಹರಿದು ಹಾಕಿದೆ. ವಿಜಿ ಕೈ ಚಾಚಿ ನಿಂತಿದ್ದಳು, ಲಾರಿಯೂ ಬಂದಿತ್ತು. ಕೊಡಲಾಗಲಿಲ್ಲ. ಇಲ್ಲಿ ಕೂತು ಚಾಡಿ ಹೇಳಿ, ಅಲ್ಲಿ ನಿನ್ನನ್ನು ಊರವರ ಮುಂದೆ ಒಬ್ಬಳೇ ನಿಲ್ಲಿಸಿದರೆ ನಾನೂ ಆ ಮುಖ್ಯಸ್ಥನಂತೆಯೇ ಆಗುತ್ತೇನೆ. ಹೇಳುವುದಾದರೆ ನೀನೇ ಹೇಳಬೇಕು. ಇದನ್ನು ಕ್ಷಮೆ ಎಂದು ತಿಳಿಯಬೇಡ. ಸಿಟ್ಟು ಇದ್ದ ಹಾಗೇ ಇದೆ.

ಅಮಾಳನ್ನು ಕಟ್ಟುವುದು ಬಿಟ್ಟಿದ್ದೇನೆ. ಹಾಸಿಗೆಯನ್ನು ನೆಲಕ್ಕೆ ಇಳಿಸಿದೆ, ಅಲ್ಲಿಂದ ಬಿದ್ದರೂ ಪೆಟ್ಟಾಗುವುದಿಲ್ಲ. ಅವಳು ಎದ್ದಾಗ ನಾನೂ ಏಳುತ್ತೇನೆ, ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಅಡುಗೆಮನೆಗೆ, ನಲವತ್ತು ಸಲ. ಮೊನ್ನೆ ಮನೆಯೊಡತಿ ನೋಡಿ ಕೂಗಾಡಿದಳು. "ಬಿದ್ದು ಸೊಂಟ ಮುರ್ಕೊಂಡ್ರೆ ನಿನ್ನನ್ನ ಅವತ್ತೇ ವಾಪಸ್ ಕಳಿಸ್ತೀನಿ" ಅಂದಳು. ನಾನೂ ಮೊದಲ ಸಲ ಎದುರು ಮಾತಾಡಿದೆ. "ಕಳ್ಸಿ. ಆದ್ರೆ ನಾಳೆ ಕಟ್ಟೋರು ನೀವೇ. ಅವರ ಕಣ್ಣು ನೋಡ್ಕೊಂಡು ಕಟ್ಟಿ" ಅಂದೆ. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಇನ್ನೂ ಕಳಿಸಿಲ್ಲ.

ಡಿಸೆಂಬರಿನಲ್ಲಿ ನನ್ನ ಮೂರು ವರ್ಷದ ಕರಾರು ಮುಗಿಯುತ್ತದೆ. ಮತ್ತೆ ಮೂರು ವರ್ಷಕ್ಕೆ ಸಹಿ ಹಾಕು ಎಂದು ಏಜೆಂಟ್ ಕೇಳುತ್ತಿದ್ದಾನೆ. ಅಣ್ಣ ಬದುಕಿದ್ದಾನಾ ಎಂಬುದನ್ನಾದರೂ ಬರೆ.

ವಿನಾರ್ಸಿ

*

ಕಾಲಿಸುರೆನ್
14 ಅಕ್ಟೋಬರ್ 2012

ವಿನಾರ್ಸಿಗೆ,

ಬದುಕಿದ್ದಾನೆ. ಚೆನ್ನಾಗಿ ಬದುಕಿದ್ದಾನೆ, ಅದೇ ಈಗ ನನಗೆ ಕಷ್ಟವಾಗಿದೆ.

ಮೊದಲಿನಿಂದ ಹೇಳುತ್ತೇನೆ. ನಿನ್ನ ಬೆದರಿಕೆಯ ಕಾಗದ ಬಂದಾಗ ಅದನ್ನು ಒಲೆಗೆ ಹಾಕಿದೆ. ಉಪವಾಸ ಶುರುವಾಗುವ ಹತ್ತು ದಿನ ಮುಂಚೆ ಊರ ಸಭಾಂಗಣದಲ್ಲಿ ಸಭೆ. ಎಲ್ಲ ಮನೆಯೂ ಹಸಿರು ಇರುವ ಕೇರಿ ಎಂದು ನಮಗೆ ಒಂದು ಫಲಕ ಕೊಡುವುದಕ್ಕೆ ಜಿಲ್ಲೆಯಿಂದ ಅಧಿಕಾರಿ ಬಂದಿದ್ದ. ಫಲಕದ ಮೇಲೆ ‘ಕೋಳವಿಲ್ಲದ ಕೇರಿ’ ಎಂದು ಚಿನ್ನದ ಬಣ್ಣದಲ್ಲಿ ಬರೆದಿತ್ತು. ಮುಖ್ಯಸ್ಥ ಇಸ್ತ್ರಿ ಮಾಡಿದ ಬಟಿಕ್ ಅಂಗಿ ಹಾಕಿಕೊಂಡು ಹಲ್ಲು ಕಿರಿಯುತ್ತಿದ್ದ. ಹಾರ್ತಿನಿ, "ಪರ್ಜಿನಾ ಅಕ್ಕಾ, ಎಲ್ಲರಿಗೂ ಬೆರಳಿನ ಅಭ್ಯಾಸ ಮಾಡ್ಸಿ" ಎಂದು ನನ್ನನ್ನು ಮುಂದೆ ನಿಲ್ಲಿಸಿದಳು. ಕಣ್ಣು ಮುಚ್ಚಿ ಅಂದೆ. ಎಲ್ಲರೂ ಮುಚ್ಚಿದರು. ತೋರುಬೆರಳು ಆಯಿತು. "ಈಗ ನಡುಬೆರಳು, ನಿಮ್ಮ ಪ್ರೀತಿಯವರನ್ನ ನೆನೀರಿ" ಅಂದೆ. ನಾನು ಮಾತ್ರ ಕಣ್ಣು ತೆರೆದು ನೋಡಿದೆ.

ನೂರು ಜನ ಕಣ್ಣು ಮುಚ್ಚಿ ಕೂತಿದ್ದಾರೆ. ಎಲ್ಲರ ಮುಖದಲ್ಲೂ ನೆಮ್ಮದಿ. ನೋಡುತ್ತ ನೋಡುತ್ತ ನನ್ನ ಮೈ ಉರಿದುಹೋಯಿತು. ಇವರೆಲ್ಲರಿಗೂ ಗೊತ್ತು. ಹಬ್ಬದ ದಿನ ಬೇಲಿಯ ಮೇಲಿಂದ ಅವನಿಗೆಂದು ತಟ್ಟೆ ಚಾಚುವವರು ಇವರೇ.

"ಕಣ್ಣು ಬಿಡ್ರೋ!" ಎಂದು ಕಿರುಚಿದೆ. ಆ ಅಧಿಕಾರಿ ಹೌಹಾರಿದ. "ನನ್ ತಮ್ಮ ಮೂರು ವರ್ಷದಿಂದ ಕೊಟ್ಟಿಗೇಲಿ ಕೋಳದಲ್ಲಿದಾನೆ. ಹಸಿರು ಬರೆದ ಕೈ ನಂದು, ನಾನು ಸುಳ್ಳುಗಾತಿ. ನೀವು? ಒಬ್ಬರಾದ್ರೂ ಬಾಯಿ ಬಿಟ್ರಾ? ಫಲಕ ಬೇಕಾ ನಿಮಗೆ? ತಗೊಂಡೋಗಿ ಆ ಕೊಟ್ಟಿಗೆ ಬಾಗಿಲಿಗೆ ಹೊಡೀರಿ!"

ಮುಖ್ಯಸ್ಥ, "ಅವಳಿಗೆ ಆಯಾಸವಾಗಿದೆ, ಕೂರ್ಸಿ" ಅಂದ. "ಆಯಾಸವಾಗಿಲ್ಲ, ಅಸಹ್ಯವಾಗಿದೆ" ಅಂದೆ. ದುಲ್ಗನಿ ಎದ್ದು ನಿಂತ. ಈಗ ನನಗೆ ಹೊಡೆಯುತ್ತಾನೆ ಅಂದುಕೊಂಡೆ. ಅವನು ಟೋಪಿ ತೆಗೆದು ಹೊರಗೆ ಹೋದ. ಹಾರ್ತಿನಿ ಮಾತ್ರ ನನ್ನ ಪಕ್ಕಕ್ಕೆ ಬಂದಳು. ಪುಸ್ತಕ ತೆರೆದು, ನಮ್ಮ ಮನೆಯ ಸಾಲಿನ ಮೇಲೆ ಬೆರಳಿಟ್ಟು, ಪೆನ್ನು ನನ್ನ ಕೈಗೆ ಕೊಟ್ಟಳು. "ನಾನು ಏಪ್ರಿಲಲ್ಲೇ ವಾಸನೆ ಹಿಡ್ದಿದ್ದೆ ಅಕ್ಕಾ. ನುಗ್ಗಿ ನೋಡೋ ಧೈರ್ಯ ನಂಗೂ ಇರ್ಲಿಲ್ಲ" ಎಂದು ಅತ್ತಳು. ಅವಳ ಮೂಗಿನ ಬಗ್ಗೆ ಬರೆದದ್ದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ಮಾರನೆಯ ದಿನ ಬೆಣೆ ತೆಗೆಯಲು ಹೋದರೆ ಬರಲಿಲ್ಲ. ಮರ ಉಬ್ಬಿ ಒಂದಾಗಿತ್ತು. ಗರಗಸ ಬೇಕಾಯಿತು. ಗರಗಸ ತಂದವನು ದುಲ್ಗನಿ. ಬಂದ, ಕೊಯ್ದ, ಹೋದ. ಮಾರ್ಗೊನೊನ ಮೊಣಕಾಲು ಮಡಚಿದ ಹಾಗೇ ಗಟ್ಟಿಯಾಗಿತ್ತು. ಇಬ್ಬರು ಹೊತ್ತು ಗಾಡಿಗೆ ಹಾಕಿದರು. ಎರಡು ತಿಂಗಳಿಗೂ ಹೆಚ್ಚು ಆಸ್ಪತ್ರೆ. ನಾನು ಅವನ ಮಂಚದ ಕೆಳಗೆ ಚಾಪೆ ಹಾಸಿಕೊಂಡಿದ್ದೆ. ಅಲ್ಲಿಂದ ನಿನಗೆ ಎರಡು ಸಲ ಬರೆಯಲು ಕೂತೆ. ಏನು ಬರೆದರೂ ನಾನು ಒಳ್ಳೆಯವಳು ಎಂದು ಹೇಳಿಕೊಂಡ ಹಾಗೆ ಕಂಡಿತು. ಹರಿದೆ.

ಈಗ ತಿಂಗಳಿಗೊಂದು ಚುಚ್ಚುಮದ್ದು, ದಿನಕ್ಕೆ ಎರಡು ಮಾತ್ರೆ. ಕೋಲು ಹಿಡಿದು ಬಾಗಿಲವರೆಗೆ ಹೋಗಿ ಬರುತ್ತಾನೆ. ಮನೆಗೆ ಬಂದ ಮೊದಲ ಎರಡು ವಾರ ಒಂದು ಮಾತಿಲ್ಲ. ಹಾಕಿದ್ದು ಉಂಡ, ಹೇಳಿದಲ್ಲಿ ಕೂತ. ಊರ ಹೆಂಗಸರು ಬಂದು, "ಪಾಪ, ಎಷ್ಟು ಸಾಧುವಾಗಿದಾನೆ" ಎಂದು ಬಾಳೆಹಣ್ಣು ಕೊಟ್ಟುಹೋದರು.

ಮೊನ್ನೆ ಶುಕ್ರವಾರ ಮಧ್ಯಾಹ್ನ ನಾನು ಮರಗೆಣಸು ತುರಿಯುತ್ತಿದ್ದೆ. ಹಿಂದಿನಿಂದ ದನಿ ಬಂತು.

"ಜೋರು ಮಳೆ ಬಂದಾಗ ಮೇಕೆನ ಮನೆಯೊಳಗೆ ಕರ್ಕೊಂಡೆ. ನನ್ನ ಕರ್ಕೊಳ್ಲಿಲ್ಲ."

ತಿರುಗಿ ನೋಡಿದೆ. ಕೋಲು ಊರಿಕೊಂಡು ನಿಂತಿದ್ದ, ಮುಖವೆಲ್ಲ ಕೆಂಪು.

"ಅಪ್ಪನ ಹೆಣ ಅಂಗಳದಿಂದ ಹೋಯ್ತು. ಜನರ ಕಾಲು ಮಾತ್ರ ಕಾಣ್ತಿತ್ತು ನಂಗೆ. ಯಾರ್ ಸತ್ರು ಅಂತ ಕೂಗಿ ಕೂಗಿ ಕೇಳ್ದೆ. ನೀ ಬಂದು ಬಾಯ್ಮುಚ್ಚು ಅಂದೆ. ನಮ್ಮಪ್ಪ ಸತ್ತಿದ್ದು ನಂಗೆ ನಾಲ್ಕು ದಿನ ಆದ್ಮೇಲೆ ಗೊತ್ತಾಯ್ತು. ನಾಯಿಗಾದ್ರೂ ಹೇಳ್ತಾರೆ ಕಣೇ!"

ಶುರುವಾದದ್ದು ನಿಲ್ಲಲಿಲ್ಲ. ಮೂರು ವರ್ಷದ್ದೆಲ್ಲ ಅವನಿಗೆ ಒಂದೊಂದೂ ನೆನಪಿದೆ, ವಿನಾರ್ಸಿ. ಉಪ್ಪು ಹಾಕಲು ಮರೆತ ದಿನ. ನಾನು ಮೂಗು ಮುಚ್ಚಿಕೊಂಡು ಬಂದ ದಿನ. ಹುಣ್ಣಿಗೆ ಇರುವೆ ಹತ್ತಿದ ದಿನ. ಕೋಲಿನಿಂದ ಗೋಡೆಗೆ ಬಡಿದ. ತಟ್ಟೆ ಒಡೆದ. ಅವನ ದನಿ ನನ್ನದಕ್ಕಿಂತ ಜೋರು, ನಮ್ಮ ಮನೆತನದ್ದೇ ಗಂಟಲು. ಐವತ್ನಾಲ್ಕು ಮನೆಗೂ ಕೇಳಿಸಿತು.

ಅರ್ಧ ಗಂಟೆಯೊಳಗೆ ಅಂಗಳದ ತುಂಬ ಜನ. ಮುಖ್ಯಸ್ಥ ಮುಂದೆ, ಇನ್ನೊಬ್ಬನ ಕೈಯಲ್ಲಿ ಹಗ್ಗ. "ನಾನು ಆವತ್ತೇ ಹೇಳಿರ್ಲಿಲ್ವಾ? ಹುಚ್ಚು ಮತ್ತೆ ಕೆರಳ್ತು, ಸರಿ ಪಕ್ಕಕ್ಕೆ" ಅಂದ. ನನಗೆ ಒಂದು ಕ್ಷಣ ಹೆದರಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ಒಡೆದ ತಟ್ಟೆಯ ಚೂರು ನನ್ನ ಕಾಲ ಬಳಿಯೇ ಬಿದ್ದಿತ್ತು. ಆದರೆ ಅವನು ಹೇಳಿದ್ದರಲ್ಲಿ ಒಂದೂ ಹುಚ್ಚುಮಾತಲ್ಲ. ಒಂದೊಂದೂ ನಡೆದದ್ದೇ.

ತುರಿಯುವ ಮಣೆ ಕೈಯಲ್ಲಿ ಹಿಡಿದೇ ಬಾಗಿಲಿಗೆ ಅಡ್ಡ ನಿಂತೆ.

"ಅವನಿಗೆ ಹುಚ್ಚು ಕೆರಳಿಲ್ಲ. ಸಿಟ್ಟು ಬಂದಿದೆ. ಬರ್ಬೇಕಾದ್ದೇ ಬಂದಿದೆ. ಹಗ್ಗ ತಗೊಂಡು ನಿಮ್ಮನಿಮ್ಮ ಮನೆಗೆ ಹೋಗಿ" ಅಂದೆ.

ಯಾರೂ ಕದಲಲಿಲ್ಲ. ನಾನೂ ಕದಲಲಿಲ್ಲ. ಒಳಗೆ ಅವನು ಬೈಯುತ್ತಲೇ ಇದ್ದ. ಆಮೇಲೆ ಹಗ್ಗ ಹಿಡಿದವನು ತಾನಾಗಿ ಹಿಂದೆ ಸರಿದ, ಅವನ ಹಿಂದೆ ಉಳಿದವರೂ ಹೋದರು. ನಾನು ಒಳಗೆ ಬಂದು ಅವನೆದುರು ಕೂತೆ. ಸಂಜೆಯ ಬಾಂಗ್ ಆಗುವವರೆಗೆ ಬೈದ. ನಾನು ಒಂದಕ್ಕೂ ಎದುರು ಹೇಳಲಿಲ್ಲ. ನನ್ನ ಬಾಯಿ ಎಂಥದೆಂದು ನಿನಗೆ ಗೊತ್ತು, ಅದಕ್ಕೆ ಎಷ್ಟು ಕಷ್ಟವಾಯಿತೆಂದು ನೀನೇ ಊಹಿಸು.

ನಿನ್ನೆಯೂ ಬೈದ. ಈ ಬೆಳಿಗ್ಗೆಯೂ. ನಿನ್ನ ಕಾಗದ ಓದಿ ಹೇಳಿದೆ, ಕಿವಿಗೊಟ್ಟು ಕೇಳಿದ. ಸಹಿ ಹಾಕಬೇಡ ಎಂದು ನಾನು ಹೇಳುವುದಿಲ್ಲ, ಆ ಹಕ್ಕು ನನಗಿಲ್ಲ. ಅವನು ಏನು ಬರೆಯಬೇಕೆಂದು ಹೇಳಿದನೋ ಅಷ್ಟನ್ನು ಬರೆಯುತ್ತೇನೆ: "ಅವಳಿಗೂ ಬೈಯೋದು ಬೇಕಾದಷ್ಟಿದೆ. ಕಾಗದದಲ್ಲಿ ಆಗಲ್ಲ. ಬಂದು ಎದುರಿಗೆ ಕೂತ್ಕೊಂಡು ಕೇಳ್ಬೇಕು ಅಂತ ಹೇಳು."

ಪರ್ಜಿನಾ